ನಾಮಂಜೂರು ಬರೆದ ಕೈ

ಇಲ್ಲ ಎನ್ನಲು ಸರ್ಕಾರಿ ಕಚೇರಿಯಲ್ಲಿ ಹಲವು ಮಾತುಗಳಿವೆ. ಅರ್ಜಿಯಾದರೆ ನಾಮಂಜೂರು, ಮೇಲ್ಮನವಿಯಾದರೆ ವಜಾ, ಪ್ರಸ್ತಾವನೆಯಾದರೆ ತಿರಸ್ಕೃತ. ಯಾವುದೂ ಅಲ್ಲದ್ದು ವಿಲೇ. ಎಲ್ಲ ಮುಗಿದ ಮೇಲೆ ಕಡತ ಮುಕ್ತಾಯ. ನೌಕರಿಯ ಬಹುಪಾಲನ್ನು ನಾನು ಕಂದಾಯ ಇಲಾಖೆಯಲ್ಲಿ, ನಮ್ಮ ಹರಪನಹಳ್ಳಿ ಹಡಗಲಿ ಕೂಡ್ಲಿಗಿ ಸೀಮೆಯಲ್ಲೇ, ವಿಷಯ ನಿರ್ವಾಹಕನಾಗಿ ಕಳೆದೆ. ತೀರ್ಮಾನ ನನ್ನದಲ್ಲ, ಸಹಿ ನನ್ನದಲ್ಲ. ಟಿಪ್ಪಣಿ ನನ್ನದು, ಕರಡು ನನ್ನದು. ಬಹಳ ಕಾಲ ಈ ಮಾತನ್ನು ನಾನು ಸಮಾಧಾನಕ್ಕಾಗಿ ಹೇಳಿಕೊಂಡಿದ್ದೇನೆ. ಈಗಲೂ ಅದೇ ಸಮಾಧಾನಕ್ಕಾಗಿಯೇ ಮೊದಲು ಹೇಳಿದೆನೋ ಏನೋ.

ಹಿಂಬರಹ ಎಂದರೆ ಕಚೇರಿಗೆ ಅಲೆದವರಿಗೆಲ್ಲ ಗೊತ್ತು. ಅರ್ಜಿ ಕೊಟ್ಟವರಿಗೆ ಕಚೇರಿ ಬರೆದು ಕೊಡುವ ಉತ್ತರ. ಅದರ ವಾಕ್ಯ ನನಗೆ ಬಾಯಿಪಾಠ. ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿಲ್ಲದಿರುವುದರಿಂದ, ನಾಮಂಜೂರು ಮಾಡಲಾಗಿದೆ ಎಂದು ಈ ಮೂಲಕ ಹಿಂಬರಹ ನೀಡಲಾಗಿದೆ. ಈ ವಾಕ್ಯದಲ್ಲಿ ಅರ್ಜಿದಾರರು ಇದ್ದಾರೆ, ನಿಯಮ ಇದೆ, ಹಿಂಬರಹವೂ ಇದೆ. ಪರಿಶೀಲಿಸಿದವರು ಯಾರು, ಆಗುವುದಿಲ್ಲ ಎಂದವರು ಯಾರು ಎಂದು ಹುಡುಕಿದರೆ ಒಬ್ಬ ಮನುಷ್ಯನೂ ಸಿಗುವುದಿಲ್ಲ. ಇದು ನಾನು ಮಾಡಿದ ವಾಕ್ಯವಲ್ಲ, ನನಗಿಂತ ಹಿಂದಿನವರಿಂದ ಬಂದದ್ದು. ಆದರೆ ಅದು ನನಗೆ ಇಷ್ಟವಾಗಿತ್ತು. ಇಷ್ಟವಾಗಿತ್ತು ಎಂಬುದನ್ನೇ ಈಗ ನೋಡಬೇಕಾಗಿದೆ.

ನಿವೃತ್ತಿಯಾದ ಮೇಲೆ, ಮಾಡಲು ಬೇರೆ ಕೆಲಸವಿಲ್ಲದ ಒಂದು ಮಧ್ಯಾಹ್ನ ನಿಘಂಟಿನಲ್ಲಿ ಈ ಪದ ಹುಡುಕಿದೆ. ಮಂಜೂರು ಅರಬ್ಬಿ ಮೂಲದ್ದು, ಫಾರಸಿಯ ದಾರಿಯಿಂದ ನಮ್ಮ ದಫ್ತರಕ್ಕೆ ಬಂದದ್ದು. ನಜರು ಎನ್ನುತ್ತೇವಲ್ಲ, ಅದೇ ಬೇರಿನದು. ಮೂಲದಲ್ಲಿ ಅದಕ್ಕೆ ನೋಡಲ್ಪಟ್ಟದ್ದು ಎಂದು ಅರ್ಥ. ದೊರೆಯ ನಜರಿಗೆ ಬಿದ್ದದ್ದು ಒಪ್ಪಿಗೆಯಾದದ್ದು. ಹಾಗಾದರೆ ನಾಮಂಜೂರು ಎಂದರೆ ನೋಡದೆ ಬಿಟ್ಟದ್ದು. ಇದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಎಂದಿನಂತೆ ಬಂತು. ಆದರೆ ಒಂದೇ ವಾಕ್ಯದಲ್ಲಿ ಪರಿಶೀಲಿಸಲಾಗಿ ಎಂದೂ ನಾಮಂಜೂರು ಎಂದೂ ಬರೆಯುತ್ತಿದ್ದೆನಲ್ಲ, ಅವೆರಡರಲ್ಲಿ ಯಾವುದು ನಿಜವಾಗಿತ್ತು ಎಂಬ ಪ್ರಶ್ನೆ ಅವತ್ತಿನಿಂದ ಜೊತೆಗೇ ಇದೆ. ಕೆಲವು ಅರ್ಜಿಗಳನ್ನು ನಿಜವಾಗಿಯೂ ನೋಡಿದ್ದೇನೆ, ಎರಡೆರಡು ಸಲ ನೋಡಿದ್ದೇನೆ. ಕೆಲವನ್ನು ನೋಡಿಲ್ಲ. ಒಂದನ್ನು ನೋಡಿಯೂ ನೋಡಲಿಲ್ಲ.

ಅದು ಬಗರ್ ಹುಕುಂ ಅರ್ಜಿ. ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುತ್ತಾ ಬಂದ ಬಡವರು ಸಕ್ರಮ ಮಾಡಿಕೊಡಿ ಎಂದು ಕೇಳುವುದು. 1991ರ ಸುಮಾರಿಗೆ ನಮೂನೆ 50 ಬಂತು, ಆಮೇಲೆ 53, ಕೊನೆಗೆ 2018ರಲ್ಲಿ 57. ಕೊನೆಯದಕ್ಕೆ 2005ರ ಜನವರಿ 1ಕ್ಕಿಂತ ಮುಂಚಿನಿಂದ ಸಾಗುವಳಿಯಲ್ಲಿ ಇದ್ದಿರಬೇಕು. ತೀರ್ಮಾನ ಮಾಡುವುದು ಶಾಸಕರ ಅಧ್ಯಕ್ಷತೆಯ ಸಮಿತಿ, ತಹಶೀಲ್ದಾರರು ಕಾರ್ಯದರ್ಶಿ. ಸಮಿತಿಯ ಮುಂದೆ ರಾಶಿ ಅರ್ಜಿಗಳು ಬರುತ್ತವೆ. ಅವರು ನೋಡುವುದು ಒಂದೊಂದು ಅರ್ಜಿಗೆ ಒಂದೊಂದು ಸಾಲು ಇರುವ ಪಟ್ಟಿಯನ್ನು. ಆ ಸಾಲನ್ನು ಬರೆಯುವವನು ನನ್ನಂಥವನು.

ನೀಲಗುಂದದ ಕಡೆಯ ಒಂದು ಹಳ್ಳಿಯ ಹೆಂಗಸು, ವರಸೆಯಲ್ಲಿ ನನಗೆ ಚಿಗವ್ವ ಆಗಬೇಕು. ಅರ್ಜಿ ಆಕೆಯದು. ಗಂಡ ತೀರಿಕೊಂಡ ಮೇಲೆ ಆಕೆ ಗುಡ್ಡದ ಬುಡದ ಗೋಮಾಳದಲ್ಲಿ ಕಲ್ಲು ಆರಿಸಿ ತೆಗೆದು, ಬದು ಹಾಕಿ, ಒಂದು ವರ್ಷ ಜೋಳ ಒಂದು ವರ್ಷ ಮೆಕ್ಕೆಜೋಳ ಬೆಳೆದುಕೊಂಡು ಬಂದ ತುಂಡು ನೆಲ. ಗೋಮಾಳಕ್ಕೆ ಒಂದು ನಿಯಮವಿದೆ, 1966ರ ಭೂಕಂದಾಯ ನಿಯಮಗಳಲ್ಲಿ 97ನೆಯದು. ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಮೇವಿನ ಜಾಗ ಉಳಿಸಬೇಕು. ಅಷ್ಟು ಉಳಿದು ಮಿಕ್ಕರೆ ಮಾತ್ರ ಬೇರೆಯವರಿಗೆ ಕೊಡಬಹುದು. ಒಳ್ಳೆಯ ನಿಯಮವೇ. ದನಕ್ಕೆ ಹುಲ್ಲು ಬೇಡವೇ? ಆಕೆಯ ಊರಿನ ಲೆಕ್ಕ ಹಾಕಿದರೆ ಗೋಮಾಳ ಕಡಿಮೆ ಬೀಳುತ್ತಿತ್ತು. ಗೋಮಾಳ ಕೊರತೆ ಇರುವುದರಿಂದ ಶಿಫಾರಸ್ಸು ಮಾಡಲು ಅವಕಾಶವಿರುವುದಿಲ್ಲ ಎಂದು ಬರೆದೆ.

ಕಡತದಲ್ಲಿದ್ದ ಜಾನುವಾರು ಸಂಖ್ಯೆ 2012ರ ಗಣತಿಯದು. ಅದರ ನಂತರ ಮಳೆ ಕೈಕೊಟ್ಟ ವರ್ಷಗಳು ಒಂದರ ಹಿಂದೆ ಒಂದು ಬಂದವು. ನಮ್ಮ ಕಡೆ ಮೇವಿಲ್ಲದೆ ಎತ್ತು ಎಮ್ಮೆಗಳನ್ನು ಬಂದ ಬೆಲೆಗೆ ಮಾರಿ ಗುಳೆ ಹೋದ ಮನೆಗಳು ಎಷ್ಟೋ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಟ್ಟುವವರೇ ಕಡಿಮೆಯಾಗಿದ್ದರು. ಆ ಹಳ್ಳಿಯಲ್ಲಿ ಕೊಟ್ಟಿಗೆಗಳು ಖಾಲಿಯಾಗಿದ್ದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಬ್ಬಕ್ಕೆ ಹೋದಾಗ ಕಣ್ಣಾರೆ ನೋಡಿದ್ದೆ. ಹೊಸ ವರದಿ ತರಿಸಬೇಕೆಂದು ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಬರೆಯಲಿಲ್ಲ. ಬರೆದಿದ್ದರೆ ಆಕೆಗೆ ಪಟ್ಟಾ ಸಿಗುತ್ತಿತ್ತೇ? ಖಂಡಿತ ಎಂದು ಹೇಳಲಾರೆ. ಹೊಸ ಲೆಕ್ಕದಲ್ಲೂ ಕೊರತೆಯೇ ಬರಬಹುದಿತ್ತು, ಸಮಿತಿ ಬೇರೆ ಕಾರಣಕ್ಕೆ ಕೈಬಿಡಬಹುದಿತ್ತು. ಈ ಅನುಮಾನ ನನ್ನನ್ನು ಎಷ್ಟು ಸುಲಭವಾಗಿ ಬಿಡಿಸುತ್ತದೆ ಎಂದರೆ ಅದನ್ನು ನಂಬಲೇ ಹೆದರಿಕೆಯಾಗುತ್ತದೆ.

ಯಾಕೆ ಬರೆಯಲಿಲ್ಲ? ಸೋಮಾರಿತನವಲ್ಲ, ನಾನು ಕಡತ ಬಾಕಿ ಉಳಿಸಿಕೊಂಡವನಲ್ಲ. ಲಂಚ ಸಿಗಲಿಲ್ಲ ಎಂದಲ್ಲ. ಒಂದು ಚಹಾ ಕೂಡ ಅರ್ಜಿದಾರರ ದುಡ್ಡಲ್ಲಿ ಕುಡಿಯಲಿಲ್ಲ ಎಂಬ ಹೆಸರು ನನಗಿತ್ತು. ಕಾರಣ ಆ ಹೆಸರೇ. ನಮ್ಮೂರ ಕಡೆಯವಳು, ನೆಂಟಳು ಬೇರೆ. ಆಕೆಯ ಕಡತದಲ್ಲಿ ಮಾತ್ರ ಹೊಸ ಗಣತಿ ತರಿಸಿ ಎಂದು ಬರೆದರೆ ಪಕ್ಕದ ಮೇಜಿನವರು ಏನೆನ್ನುತ್ತಾರೆ ಎಂದು ಯೋಚಿಸಿದೆ. ಹಾಗಾಗಿ ಬೇರೆಯವರಿಗಿಂತ ಹೆಚ್ಚು ಕಟ್ಟುನಿಟ್ಟಾದೆ. ಗುರುತಿಲ್ಲದವರ ಅರ್ಜಿಯಾಗಿದ್ದರೆ ಬಹುಶಃ ಆ ಸಾಲು ಬರೆಯುತ್ತಿದ್ದೆ. ಪ್ರಾಮಾಣಿಕ ಎನಿಸಿಕೊಳ್ಳುವ ಆಸೆ ಪ್ರಾಮಾಣಿಕತೆಯ ಮೇಲೇ ಕೂತಿತ್ತು. ಇದನ್ನು ಒಪ್ಪಿಕೊಳ್ಳುವುದು ಲಂಚ ತಿಂದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಕಷ್ಟ, ಯಾಕೆಂದರೆ ಇದಕ್ಕೆ ಯಾರೂ ನನ್ನನ್ನು ದೂರಲಿಲ್ಲ. ಹೊಗಳಿದರು. ನೆಂಟರದ್ದೇ ನಾಮಂಜೂರು ಮಾಡಿದ ಮನುಷ್ಯ ಎಂದರು. ಆ ಮಾತು ಕೇಳಿ ಒಳಗೆ ಖುಷಿಯಾಗಿತ್ತು, ಅದನ್ನೂ ಮರೆತಿಲ್ಲ.

ಇಷ್ಟೇ ಆಗಿದ್ದರೆ ತಪ್ಪೋ ಸರಿಯೋ ಎಂದು ವಾದಿಸಬಹುದಿತ್ತು. ನನ್ನನ್ನು ಬಿಡದಿರುವುದು ಅದರ ನಂತರದ್ದು. ಹಿಂಬರಹ ಆಕೆಯ ಕೈ ಸೇರಿತು. ಆಕೆಗೆ ಓದು ಬಾರದು. ಕಾಗದ ಮಡಚಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೇ ಬಂದಳು. ಓದಿ ಹೇಳುವುದಕ್ಕೆ ನನಗಿಂತ ಹತ್ತಿರದವರು ಯಾರು?

"ಏನಂತ ಐತಪ್ಪ ಇದ್ರಾಗ?" ಎಂದು ಕೇಳಿದಳು.

ಅದನ್ನು ಬರೆದವನು ನಾನು. ಪ್ರತಿ ಅಕ್ಷರವೂ ಗೊತ್ತು. ಆದರೂ ಕಾಗದದ ಮೇಲೆ ಕಣ್ಣಾಡಿಸುವವನ ಹಾಗೆ ಮಾಡಿ, "ಈಗ ಸದ್ಯಕ್ಕಿಲ್ಲ ಅಂದಾರ ಚಿಗವ್ವ. ನೋಡೋಣ, ಮುಂದೆ ಆದ್ರೂ ಆಗಬೌದು" ಎಂದೆ.

"ನೀ ಇದ್ದಿ ಅಂದಮ್ಯಾಲೆ ಆಕೈತಿ ಬಿಡು" ಎಂದು ಹೊರಟಳು.

ಕಾಗದದಲ್ಲಿ ಅಷ್ಟು ಖಚಿತವಾಗಿದ್ದದ್ದು ನನ್ನ ಬಾಯಲ್ಲಿ ನೋಡೋಣ ಆಯಿತು. ಆಕೆ ಉಪವಿಭಾಗಾಧಿಕಾರಿಗಳ ಹತ್ತಿರ ಮೇಲ್ಮನವಿ ಹೋಗಬಹುದು, ಅದಕ್ಕೊಂದು ಅವಧಿಯಿದೆ ಎಂದು ನಾನು ಹೇಳಬೇಕಾಗಿತ್ತು. ಹೇಳಬೇಕಾದರೆ ಮೊದಲು ಇಲ್ಲ ಎಂದಿದ್ದಾರೆ ಎನ್ನಬೇಕು. ಇಲ್ಲ ಎಂದಿದ್ದಾರೆ ಎಂದರೆ ಯಾರು ಎಂದು ಆಕೆ ಕೇಳುತ್ತಾಳೆ. ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನೋಡೋಣ ಎಂದೆ. ಆಗ ಅದು ಕರುಣೆ ಎಂದು ಅನಿಸಿತ್ತು. ವಯಸ್ಸಾದವಳು, ಬಿಸಿಲಲ್ಲಿ ಬಂದಿದ್ದಾಳೆ, ಯಾಕೆ ನೋಯಿಸಬೇಕು ಎಂದುಕೊಂಡೆ. ಕರುಣೆ ಸ್ವಲ್ಪ ಇತ್ತು ಎಂದು ಈಗಲೂ ಅನಿಸುತ್ತದೆ. ಎಷ್ಟು ಪಾಲು ಕರುಣೆ, ಎಷ್ಟು ಪಾಲು ಹೆದರಿಕೆ ಎಂದು ಬೇರೆ ಮಾಡಲು ಹೋದರೆ ಪ್ರತಿ ಸಲವೂ ಹೆದರಿಕೆಯ ಪಾಲೇ ಬೆಳೆಯುತ್ತದೆ. ಆಕೆ ಮಾತ್ರ ನನ್ನ ಮಾತು ನಂಬಿ ಕೈಗಡ ತಂದು ಆ ವರ್ಷವೂ ಬೀಜ ಗೊಬ್ಬರ ಹಾಕಿದಳು, ಇನ್ನಷ್ಟು ಕಲ್ಲು ತೆಗೆಸಿದಳು. ಆಮೇಲೆ ತೆರವು ಮಾಡಲು ಹೇಳಿದರು.

ಇನ್ನೊಬ್ಬರು ನನಗೆ ಇದೇ ವಾಕ್ಯ ಬರೆದು ಕೊಟ್ಟಾಗ ಹೇಗಿತ್ತು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅತ್ತ ಸೇರಿತು. ದಾವಣಗೆರೆ ಹತ್ತಿರ, ಕೆಲಸಕ್ಕೆ ಅನುಕೂಲ ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆಮೇಲೆ ಸಂವಿಧಾನದ 98ನೇ ತಿದ್ದುಪಡಿ ಬಂದು ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ಸಿಕ್ಕಿತು, ಬಳ್ಳಾರಿ ಜಿಲ್ಲೆಯೂ ಅದರಲ್ಲಿ ಸೇರಿತು. ಪಕ್ಕದ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯ ಮಕ್ಕಳಿಗೆ ಆ ಭಾಗದ ಸಿ ವರ್ಗದ ಹುದ್ದೆಗಳಲ್ಲಿ 80%ರಷ್ಟು ಮೀಸಲು. ನಮ್ಮ ಮಕ್ಕಳಿಗೆ ಇಲ್ಲ. ಹೊಲದ ಬದು ಒಂದೇ, ಮಳೆಯೂ ಬರವೂ ಒಂದೇ, ಬದುವಿನ ಆಚೆಯವರು ಅರ್ಹರು, ಈಚೆಯವರು ಅನರ್ಹರು. ನಮ್ಮ ಅಣ್ಣನ ಮಗ ಕೇಳಲು ಹೋಗಿ, ಈ ತಾಲ್ಲೂಕು ಸದರಿ ಪ್ರದೇಶದ ವ್ಯಾಪ್ತಿಗೆ ಒಳಪಡುವುದಿಲ್ಲ ಎಂಬ ಉತ್ತರ ತಂದ. ಆ ಕಾಗದ ನೋಡಿ ನನಗೆ ಮೈ ಉರಿದುಹೋಯಿತು. ಮಗುವಿನ ಮುಖ ನೋಡದೆ ಬರೆದಿದ್ದಾರೆ, ಇವರೇನು ಮನುಷ್ಯರೇ ಎಂದು ಮನೆಯಲ್ಲಿ ಕೂಗಾಡಿದೆ.

ಮರುದಿನ ಕಚೇರಿಗೆ ಹೋಗಿ ಅದೇ ವಾಕ್ಯಗಳನ್ನು ಬರೆದೆ. ಎರಡೂ ಒಂದೇ ಎಂದು ಆಗ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎಂಬುದನ್ನು ನಂಬಿ ಎಂದು ಕೇಳಲು ನನಗೆ ಬಾಯಿಲ್ಲ.

ತಾಲ್ಲೂಕಿನ ಜನ ಮಾತ್ರ ಆ ಉತ್ತರವನ್ನು ಕೊನೆಯದೆಂದು ಒಪ್ಪಲಿಲ್ಲ. ಧರಣಿ, ಬಂದ್, ಮನವಿಗಳು ವರ್ಷಗಟ್ಟಲೆ ನಡೆದವು. 2018ರಲ್ಲಿ ಸರ್ಕಾರ ಹರಪನಹಳ್ಳಿಯನ್ನು ಮತ್ತೆ ಬಳ್ಳಾರಿಗೆ ಸೇರಿಸಲು ಒಪ್ಪಿತು, 371(ಜೆ) ನಮಗೂ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದರೊಳಗೆ ಬಂದೆವು. ಇಡೀ ಹೈದರಾಬಾದ್ ಕರ್ನಾಟಕದ ಬೇಡಿಕೆಯನ್ನೇ ಹಿಂದೊಮ್ಮೆ, ಎಲ್.ಕೆ. ಅಡ್ವಾಣಿಯವರು ಉಪಪ್ರಧಾನಿಯಾಗಿದ್ದ ಕಾಲದಲ್ಲಿ, ಕೇಂದ್ರ ತಿರಸ್ಕರಿಸಿತ್ತು. ತಿರಸ್ಕೃತವಾದದ್ದು ಮತ್ತೆ ಕೇಳಿದರೆ ಆಗುತ್ತದೆ ಎಂಬುದನ್ನು ಹೀಗೆ ಕಣ್ಣೆದುರು ಕಂಡವನು ನಾನು. ಒಂದು ತಾಲ್ಲೂಕಿಗೆ ಮತ್ತೆ ಮತ್ತೆ ಕೇಳುವ ಬಲ ಇರುತ್ತದೆ. ಓದು ಬಾರದ ಒಬ್ಬ ಹೆಂಗಸಿಗೆ ಮತ್ತೆ ಕೇಳಬಹುದು ಎಂಬುದು ಗೊತ್ತಾಗಬೇಕಾದರೆ ಯಾರಾದರೂ ಹೇಳಬೇಕು. ಹೇಳಬೇಕಾದ ಜಾಗದಲ್ಲಿ ನಾನಿದ್ದೆ.

ಅರಣ್ಯ ಹಕ್ಕು ಕಾಯ್ದೆಯ ಕೆಲಸ ಸ್ವಲ್ಪ ಕಾಲ ನನ್ನ ಮೇಜಿಗೆ ಬಂದಿತ್ತು. ಆ ನಿಯಮಗಳಲ್ಲಿ ಬರೆದಿರುವುದು ಹೀಗೆ: ಹಕ್ಕುಕೋರಿಕೆ ತಿರಸ್ಕರಿಸಿದರೆ ಕಾರಣ ಸಹಿತ ಆ ಮನುಷ್ಯನಿಗೆ ಖುದ್ದಾಗಿ ತಿಳಿಸಬೇಕು, ಮೇಲೆ ಅರ್ಜಿ ಹಾಕಿಕೊಳ್ಳಲು 60 ದಿನ ಕೊಡಬೇಕು. ಓದಿದಾಗ ಇದೇನು ದೊಡ್ಡ ವಿಷಯ ಎನಿಸಿತ್ತು. ನೋಟಿಸು ಜಾರಿ ಮಾಡಿದ ಸಹಿ ಇದ್ದರೆ ಸಾಕು ಎಂದುಕೊಂಡಿದ್ದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಕೋರಿಕೆ ತಿರಸ್ಕೃತವಾದವರನ್ನು ಕಾಡಿನಿಂದ ತೆರವುಗೊಳಿಸಲು ಹೇಳಿದಾಗ, ಕರ್ನಾಟಕದಲ್ಲೇ ಒಂದೂವರೆ ಲಕ್ಷಕ್ಕೂ ಮಿಕ್ಕ ಕೋರಿಕೆಗಳು ಹಾಗೆ ಬಿದ್ದಿವೆ ಎಂದು ಪೇಪರಿನಲ್ಲಿ ಬಂತು. ಅದೇ ತಿಂಗಳ 28ಕ್ಕೆ ಕೋರ್ಟು ಆ ಆದೇಶವನ್ನು ತಡೆಹಿಡಿಯಿತು. ತಿರಸ್ಕರಿಸುವಾಗ ಸರಿಯಾದ ಕ್ರಮ ಪಾಲಿಸಿದ್ದಾರೆಯೇ ಎಂಬುದೇ ಆಗ ಪ್ರಶ್ನೆಯಾಯಿತು. ಅಷ್ಟು ದೊಡ್ಡ ಸಂಖ್ಯೆ ಓದುವಾಗ ನನಗೆ ಸಂಖ್ಯೆ ಕಾಣಲಿಲ್ಲ, ನನ್ನ ಕೈಬರಹದ ಸಾಲು ಕಂಡಿತು. ಎಷ್ಟು ಜನರಿಗೆ ಖುದ್ದಾಗಿ, ಮುಖ ನೋಡಿ, ನಿನ್ನದು ಆಗಲಿಲ್ಲ, ಇಂಥ ಕಾರಣಕ್ಕೆ ಆಗಲಿಲ್ಲ, ಇಂಥ ಕಡೆ ಹೋಗು ಎಂದು ಯಾರಾದರೂ ಹೇಳಿರುತ್ತಾರೆ? ನಾನಂತೂ ಹೇಳಿದ ನೆನಪಿಲ್ಲ.

ನೀಲಗುಂದದ ಭೀಮೇಶ್ವರನ ಗುಡಿಗೆ ನಾನು ಚಿಕ್ಕಂದಿನಿಂದ ಹೋಗುತ್ತೇನೆ. ನಯವಾದ ಕಲ್ಲಿನ ಚಾಲುಕ್ಯರ ಕಾಲದ ಗುಡಿ. ಆರನೇ ವಿಕ್ರಮಾದಿತ್ಯನ ತಾಮ್ರಪಟಗಳು ಈ ಊರಲ್ಲಿ ಸಿಕ್ಕಿವೆ. ಆ ತಾಮ್ರಪಟದಲ್ಲಿ ಪಾಂಡ್ಯ ಮಾಂಡಲಿಕನೊಬ್ಬ ಬಿನ್ನಹ ಮಾಡಿಕೊಂಡದ್ದು, ದೊರೆ ಬ್ರಾಹ್ಮಣರಿಗೆ ಭೂಮಿ ಕೊಟ್ಟದ್ದು ಇದೆ. ಕೇಳಿದವನ ಹೆಸರಿದೆ, ಕೊಟ್ಟವನ ಹೆಸರಿದೆ, ಪಡೆದವರು ಯಾರು ಎಂಬುದಿದೆ. ದತ್ತಿಯನ್ನು ಕಸಿದವನಿಗೆ ಶಾಪ ಹಾಕುವುದು ಅಂಥ ಶಾಸನಗಳ ವಾಡಿಕೆ. ಕೊಟ್ಟದ್ದನ್ನು ಹೀಗೆ ಹೆಸರು ಹಾಕಿ ಕಲ್ಲಿನಲ್ಲೂ ತಾಮ್ರದಲ್ಲೂ ಕೊರೆದರು. ಬಿನ್ನಹ ಮಾಡಿಯೂ ಬರಿಗೈಲಿ ವಾಪಸ್ಸು ಹೋದವರೂ ಇದ್ದಿರಲೇಬೇಕು. ನಾನು ಓದಿಸಿ ಕೇಳಿದ ಯಾವ ಶಾಸನದಲ್ಲೂ ಅವರ ಸುಳಿವಿಲ್ಲ. ಹಿಂದಿನಿಂದಲೂ ಹೀಗೇ ನಡೆದಿದೆ ಎಂದುಕೊಂಡರೆ ಸ್ವಲ್ಪ ಹಗುರಾಗುತ್ತದೆ. ಹಗುರಾಗಲಿಕ್ಕೆಂದೇ ಅಲ್ಲಿಗೆ ಹೋಗುತ್ತೇನೋ ಎಂಬ ಸಂಶಯವೂ ಬರುತ್ತದೆ.

ಕಚೇರಿಯ ಅಭ್ಯಾಸ ಮನೆಗೆ ಬಂತೋ, ಮನೆಯ ಅಭ್ಯಾಸವೇ ಕಚೇರಿಗೆ ಹೋಯಿತೋ ತಿಳಿಯದು. ಹೆಣ್ಣು ನೋಡಲು ಹೋಗಿ ಒಪ್ಪಿಗೆಯಾಗದಿದ್ದರೆ ನಮ್ಮಲ್ಲಿ ಯಾರೂ ಅಲ್ಲೇ ಹೇಳುವುದಿಲ್ಲ. ಅವಲಕ್ಕಿ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಎನ್ನುತ್ತೇವೆ. ಹೇಳಿ ಕಳಿಸುವುದಿಲ್ಲ. ಅವರಾಗಿ ಕೇಳಿದರೆ ಜಾತಕ ಕೂಡಲಿಲ್ಲ ಎನ್ನುತ್ತೇವೆ. ನನ್ನ ಮಗನಿಗೆ ನೋಡುವಾಗ ಒಂದು ಮನೆಯವರನ್ನು ನಾನೇ ಹೀಗೆ ತಿಂಗಳುಗಟ್ಟಲೆ ಕಾಯಿಸಿದ್ದೇನೆ. ಆ ಹುಡುಗಿಯ ತಂದೆ ಫೋನು ಮಾಡಿದಾಗ ಎತ್ತದೆ ಬಿಟ್ಟಿದ್ದೇನೆ. ಅವರಿಗೆ ಬೇಸರವಾಗಬಾರದೆಂದು ಹಾಗೆ ಮಾಡಿದೆ ಎಂದು ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ.

ಹೋದ ವರ್ಷ ಧೈರ್ಯ ಮಾಡಿ ಚಿಗವ್ವನ ಹಳ್ಳಿಗೆ ಹೋದೆ. ಧೈರ್ಯ ಎಂಬುದು ದೊಡ್ಡ ಮಾತಾಯಿತು, ಬೇರೆ ಕೆಲಸವೂ ಅಲ್ಲಿತ್ತು. ತಡವಾದರೂ ಕಾರಣ ತೋರಿಸಿ ಮೇಲ್ಮನವಿ ಹಾಕಿ ನೋಡಬಹುದು, ನಾನೇ ಬರೆದು ಕೊಡುತ್ತೇನೆ, ಖರ್ಚೂ ನನ್ನದೇ ಎಂದೆ. ಅವತ್ತಿನ ಟಿಪ್ಪಣಿ ಬರೆದವನು ನಾನೇ ಎಂಬುದನ್ನು ಆಗಲೂ ಹೇಳಲಿಲ್ಲ. ಆಕೆ ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ಒಲ್ಲೆ ಬಿಡಪ್ಪ. ಅವತ್ತೇ ಇಲ್ಲ ಅಂದಿದ್ರ ನಾ ಬ್ಯಾರೆದು ನೋಡ್ಕೊಂತಿದ್ದೆ."

ಒಲ್ಲೆ ಎನ್ನುವುದರಲ್ಲಿ ನಾನು ಇದೆ. ಬೇರೆ ಹೇಳಬೇಕಾಗಿಲ್ಲ, ಮಾತಿನ ಕೊನೆಯಲ್ಲೇ ಸೇರಿಕೊಂಡಿದೆ. ಒಲ್ಲೆ ಎಂದರೆ ಬೇರೆ ಯಾರೂ ಅಲ್ಲ, ನಾನು ಒಲ್ಲೆ. ಆ ಮಾತು ನಮ್ಮ ಸೀಮೆಯ ಹೆಂಗಸರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೋ, ಇನ್ನೊಂದು ರೊಟ್ಟಿ ಹಾಕಲೇ ಎಂದರೂ ಒಲ್ಲೆ. ಅಷ್ಟು ಸಣ್ಣ ಮಾತಿನಲ್ಲಿ ಆಕೆ ನನ್ನ ಪ್ರಸ್ತಾವನೆಯನ್ನು ತಿರಸ್ಕರಿಸಿದಳು, ಕಾರಣವನ್ನೂ ಹೇಳಿದಳು, ಮುಖ ನೋಡಿಯೇ ಹೇಳಿದಳು. ಬೈದಿದ್ದರೆ ಎದ್ದು ಬರಬಹುದಿತ್ತು. ಬೈಯಲಿಲ್ಲ. ಒಂದು ಬೊಗಸೆ ಶೇಂಗಾ ಕೊಟ್ಟಳು, ತಿನ್ನುತ್ತಾ ಕೂತೆ.

ಮೇಲ್ಮನವಿಯ ಮಾತು ಆಕೆಯ ಸಲುವಾಗಿ ಎತ್ತಿದೆನೋ ನನ್ನ ಸಲುವಾಗಿಯೋ ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಆಕೆ ಹೂಂ ಎಂದಿದ್ದರೆ ನನ್ನ ಹೊರೆ ಇಳಿಯುತ್ತಿತ್ತು. ಅದು ಆಕೆಗೆ ಗೊತ್ತಾಗಿಯೇ ಒಲ್ಲೆ ಎಂದಳೇ? ಇರಲಿಕ್ಕಿಲ್ಲ. ಆಕೆಗೆ ಅಲೆದಾಡಿ ಸಾಕಾಗಿದೆ, ಅಷ್ಟೇ ಇರಬೇಕು. ಎಲ್ಲದರಲ್ಲೂ ನನ್ನನ್ನೇ ಕಾಣುವುದು ಇನ್ನೊಂದು ಬಗೆಯ ನೋಡದಿರುವಿಕೆ ಎಂದು ಹೆಂಡತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಸತ್ಯವಿದೆ.

ಈಗಲೂ ಊರಿನವರು ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾರೆ. ಆಗುವ ಕೆಲಸ ಯಾವುದು, ಆಗದ್ದು ಯಾವುದು ಎಂಬುದು ಮೊದಲ ಸಾಲು ಕೇಳುವಷ್ಟರಲ್ಲಿ ತಿಳಿಯುತ್ತದೆ. ಆಗದ್ದನ್ನು ಆಗುವುದಿಲ್ಲ ಎಂದು ಹೇಳಲು ಶುರು ಮಾಡಿದ್ದೇನೆ, ಕಾರಣ ಹೇಳುತ್ತೇನೆ, ಎಲ್ಲಿಗೆ ಹೋಗಬೇಕೆಂದೂ ಹೇಳುತ್ತೇನೆ. ಗುರುತಿಲ್ಲದವರಿಗೆ ಹೇಳುವುದು ಬಂದಿದೆ. ಹತ್ತಿರದವರು ಬಂದು ಕೂತರೆ ಇನ್ನೂ ನೋಡೋಣ ಎಂದೇ ಬಾಯಿಗೆ ಬರುತ್ತದೆ. ಚಿಗವ್ವನಿಗೆ ಅವತ್ತಿನ ಸಾಲು ಬರೆದವನು ನಾನು ಎಂದು ಹೇಳುವುದು ಬಾಕಿಯಿದೆ. ಈ ಬರಹವನ್ನು ಆಕೆ ಓದಲಾರಳು. ಓದಿ ಹೇಳಬೇಕಾದರೆ ಮತ್ತೆ ನಾನೇ ಹೋಗಬೇಕು, ಇನ್ನೂ ಹೋಗಿಲ್ಲ.